ಬಿಡುತ್ತೇವೆ ಎನ್ನುತ್ತಲೇ ಇರುವವರಿಗೆ

ಎಕ್ಸ್‌ನಲ್ಲಿ ಕನ್ನಡ ಬರೆಯುವ, ಓದುವ, ಜಗಳ ಕಾಯುವ ಗೆಳೆಯ ಗೆಳತಿಯರಿಗೆ,



2021ರ ಫೆಬ್ರುವರಿ 9ರಂದು ಕೇಂದ್ರ ಸಚಿವ ಪೀಯೂಷ್ ಗೋಯಲ್ ತಾವು 'ಕೂ' ಎಂಬ ಆ್ಯಪ್ ಸೇರಿದ್ದಾಗಿ ಪ್ರಕಟಿಸಿದರು. ಪ್ರಕಟಿಸಿದ್ದು ಟ್ವಿಟರ್‌ನಲ್ಲಿ, ಅಂದರೆ ಈಗಿನ ಎಕ್ಸ್‌ನಲ್ಲಿ. ರೈತರ ಹೋರಾಟದ ದಿನಗಳವು. ನೂರಾರು ಖಾತೆಗಳನ್ನು ತಡೆಹಿಡಿಯಬೇಕೆಂದು ಕೇಂದ್ರ ಸರ್ಕಾರ ಹೇಳಿತ್ತು, ಟ್ವಿಟರ್ ಕೆಲವನ್ನು ತಡೆದು ಕೆಲವನ್ನು ಬಿಟ್ಟಿತ್ತು, ದೆಹಲಿಯಲ್ಲಿ ಸಿಟ್ಟು ನೆತ್ತಿಗೇರಿತ್ತು. ಮರುದಿನ ಐಟಿ ಸಚಿವಾಲಯ ಟ್ವಿಟರ್‌ಗೆ ಕೊಡಬೇಕಾದ ಉತ್ತರವನ್ನು ಮೊದಲು ಕೂನಲ್ಲೇ ಹಾಕಿತು. ಇಲಾಖೆಗಳು, ಮಂತ್ರಿಗಳು, ನಟರು, ಕ್ರಿಕೆಟಿಗರು ಒಬ್ಬರ ಹಿಂದೊಬ್ಬರು ಹಳದಿ ಹಕ್ಕಿಯ ಕಡೆ ಹೊರಟರು. ಹಾಗೆ ಹೊರಟವರಲ್ಲಿ ನೀಲಿ ಹಕ್ಕಿಯ ಖಾತೆಗೆ ಬೀಗ ಹಾಕಿ ಹೋದವರು ವಿರಳ. ಎರಡೂ ಕಡೆ ಅದೇ ಸಾಲು, ಅದೇ ಫೋಟೊ. ಮೂರೂವರೆ ವರ್ಷ ತುಂಬುವ ಮೊದಲೇ, 2024ರ ಜುಲೈ 3ರಂದು, ಕೂ ಬಾಗಿಲು ಹಾಕುತ್ತಿರುವುದಾಗಿ ಅದರ ಸಂಸ್ಥಾಪಕರು ತಿಳಿಸಿದರು. ತಿಳಿಸಿದ್ದು ಲಿಂಕ್ಡ್‌ಇನ್‌ನಲ್ಲಿ.

ನಿಮ್ಮಲ್ಲಿ ಹಲವರು ಆಗ ಕೂನಲ್ಲಿದ್ದಿರಿ. ಅದಕ್ಕೂ ಮೊದಲು, 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ, ಕೆಲವರು ಮಸ್ಟೊಡಾನ್‌ಗೆ ಹೋಗಿ ಬಂದಿರಿ. 2021ರ ಮೇ ತಿಂಗಳಲ್ಲಿ ಕ್ಲಬ್‌ಹೌಸ್ ಆಂಡ್ರಾಯ್ಡ್ ಫೋನಿಗೆ ಬಂದಾಗ ಲಾಕ್‌ಡೌನ್ ರಾತ್ರಿಗಳನ್ನು ಅಲ್ಲಿ ಹರಟುತ್ತ ಕಳೆದಿರಿ. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್ ತೆತ್ತು ಟ್ವಿಟರ್ ಕೊಂಡಾಗ ಮತ್ತೆ ಮಸ್ಟೊಡಾನ್. 2023ರ ಜುಲೈನಲ್ಲಿ ಥ್ರೆಡ್ಸ್. 2024ರ ಕೊನೆಯಲ್ಲಿ ಬ್ಲೂಸ್ಕೈ. ಪ್ರತಿ ಸಲವೂ 'ಸಾಕಾಯ್ತು ಮಾರಾಯ್ರೆ, ಅಲ್ಲಿ ಸಿಗೋಣ' ಎಂಬ ವಿದಾಯದ ಸಾಲುಗಳು, ಅದಕ್ಕೆ ನೂರಾರು ಲೈಕು. ಪ್ರತಿ ಸಲವೂ ಕೆಲವೇ ದಿನಗಳಲ್ಲಿ ಅದೇ ಡಿಪಿ ಅದೇ ಜಾಗದಲ್ಲಿ ಹಾಜರು.

ನಿಮ್ಮನ್ನು ಆಡಿಕೊಳ್ಳಲು ಬರೆದ ಪತ್ರ ಇದಲ್ಲ. ಹೋದವರು ವಾಪಸು ಬಂದದ್ದಕ್ಕೆ ಚಂಚಲ ಬುದ್ಧಿ ಕಾರಣವೆಂದು ಈ ಪತ್ರ ಬರೆಯುವವನಿಗೆ ಅನ್ನಿಸಿಲ್ಲ. ನೀವು ಬಿಡಲು ಹೊರಟದ್ದು ಒಬ್ಬೊಬ್ಬರಾಗಿ. ಆದರೆ ನಿಮ್ಮನ್ನು ಅಲ್ಲಿ ಹಿಡಿದಿಟ್ಟದ್ದು ಗುಂಪು. ಆ ಗುಂಪಿನಲ್ಲಿ ನಿಮ್ಮ ಗೆಳೆಯರಷ್ಟೇ ಅಲ್ಲ, ನಿಮಗೆ ಆಗದವರು, ನಿಮ್ಮ ಭಾಷೆ ಬಾರದವರು, ಸರ್ಕಾರಿ ಕಚೇರಿಯಲ್ಲಿ ಕೂತು ಖಾತೆ ನೋಡಿಕೊಳ್ಳುವ ಗುಮಾಸ್ತರು ಎಲ್ಲರೂ ಇದ್ದಾರೆ. ಅವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಊರು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಕೂನ ಕಥೆಯಷ್ಟು ಹತ್ತಿರದ ಸಾಕ್ಷಿ ಇನ್ನೊಂದಿಲ್ಲ.

ಕೂ ಹುಟ್ಟಿದ್ದು ಬೆಂಗಳೂರಿನಲ್ಲಿ, 2020ರಲ್ಲಿ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಕಟ್ಟಿದ ಈ ಆ್ಯಪ್ ಮೊದಲು ಬಂದದ್ದೇ ಕನ್ನಡದಲ್ಲಿ. ಉಳಿದ ಭಾಷೆಗಳು ಆಮೇಲೆ ಸೇರಿಕೊಂಡವು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಚೀನಾದ ಹೂಡಿಕೆ ಸಂಸ್ಥೆಯೊಂದರ ಪಾಲು ಅದರಲ್ಲಿದೆ ಎಂಬ ಗುಲ್ಲೆದ್ದಾಗ ಆ ಪಾಲನ್ನು ಕೊಂಡವರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಕೂಡ ಒಬ್ಬರು. 2021ರ ಮೇ ಹೊತ್ತಿಗೆ ಟೈಗರ್ ಗ್ಲೋಬಲ್ ಮುಂದಾಳತ್ವದಲ್ಲಿ 3 ಕೋಟಿ ಡಾಲರ್ ಬಂಡವಾಳ ಬಂತು. ಜೂನ್‌ನಲ್ಲಿ ನೈಜೀರಿಯಾ ಸರ್ಕಾರ ತನ್ನ ಅಧ್ಯಕ್ಷರ ಟ್ವೀಟ್ ಅಳಿಸಿದ ಸಿಟ್ಟಿಗೆ ಟ್ವಿಟರ್ ನಿಷೇಧಿಸಿ ಕೂನಲ್ಲಿ ಖಾತೆ ತೆರೆಯಿತು. ಮರುವರ್ಷ ನವೆಂಬರ್‌ನಲ್ಲಿ, ಮಸ್ಕ್ ಬಂದ ಗಲಾಟೆಯಲ್ಲಿ, ಬ್ರೆಜಿಲ್‌ನಲ್ಲಿ 48 ಗಂಟೆಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಬಾರಿ ಡೌನ್‌ಲೋಡ್ ಆಯಿತು.

ಎಲ್ಲ ಸೇರಿ ಡೌನ್‌ಲೋಡ್ ಲೆಕ್ಕ 6 ಕೋಟಿ ಮುಟ್ಟಿತು. ಆದರೆ ಸಂಸ್ಥಾಪಕರೇ ವಿದಾಯದ ಟಿಪ್ಪಣಿಯಲ್ಲಿ ಬರೆದಂತೆ, ಕೂ ತನ್ನ ಉಚ್ಛ್ರಾಯದಲ್ಲಿದ್ದಾಗ ದಿನವೂ ತೆರೆದು ನೋಡುತ್ತಿದ್ದವರು ಸುಮಾರು 21 ಲಕ್ಷ, ತಿಂಗಳಿಗೊಮ್ಮೆಯಾದರೂ ಇಣುಕುತ್ತಿದ್ದವರು ಸುಮಾರು 1 ಕೋಟಿ. ಫೋನಿಗೆ ಇಳಿಸಿಕೊಂಡವರಿಗೂ ದಿನವೂ ಬರುತ್ತಿದ್ದವರಿಗೂ ನಡುವಿನ ಈ ಅಂತರದಲ್ಲೇ ಕೂ ಮುಳುಗಿದ್ದು. ಕೊಳ್ಳುವವರಿಗಾಗಿ ದೊಡ್ಡ ದೊಡ್ಡ ಇಂಟರ್‌ನೆಟ್ ಕಂಪನಿಗಳ, ಮಾಧ್ಯಮ ಸಂಸ್ಥೆಗಳ ಬಾಗಿಲು ತಟ್ಟಿದ್ದಾಯಿತು. ಡೈಲಿಹಂಟ್ ಜತೆಗಿನ ಮಾತುಕತೆಯೂ ಮುರಿದುಬಿತ್ತು.

ತಾಂತ್ರಿಕವಾಗಿ ಕೂ ಕೆಟ್ಟ ಆ್ಯಪ್ ಆಗಿರಲಿಲ್ಲ. ಕನ್ನಡ ಬರೆಯುವುದು ಅಲ್ಲಿ ಸಲೀಸು, ಒಂದೇ ಪೋಸ್ಟನ್ನು ಹಲವು ಭಾಷೆಗಳಿಗೆ ತರ್ಜುಮೆ ಮಾಡಿ ಹಾಕುವ ಅನುಕೂಲವೂ ಇತ್ತು. ಹಾಗಾದರೆ ಕನ್ನಡದವರೇ ಏಕೆ ನಿಲ್ಲಲಿಲ್ಲ? ದುಡ್ಡು ಖಾಲಿಯಾಯಿತು, ಹೂಡಿಕೆಯ ಬರಗಾಲ ಬಂತು ಎನ್ನುವುದೆಲ್ಲ ನಿಜವೇ. ಒಂದು ಪಕ್ಷದ ಕಡೆಯವರೇ ಮೊದಲು ಬಂದು ತುಂಬಿದ್ದರಿಂದ ಉಳಿದವರು ಹೊಸ್ತಿಲಲ್ಲೇ ನಿಂತರು ಎನ್ನುವುದೂ ನಿಜ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಕಾಣಬೇಕಾದರೆ 2017ಕ್ಕೆ ಹೋಗಬೇಕು.

ಆ ವರ್ಷ ಜೂನ್, ಜುಲೈ ತಿಂಗಳಲ್ಲಿ 'ನಮ್ಮ ಮೆಟ್ರೋ ಹಿಂದಿ ಬೇಡ' ಎಂಬ ಹ್ಯಾಶ್‌ಟ್ಯಾಗ್ ಟ್ವಿಟರ್‌ನಲ್ಲಿ ಟ್ರೆಂಡ್ ಆದದ್ದು ನಿಮಗೆ ನೆನಪಿರಬೇಕು, ಅದನ್ನು ಟ್ರೆಂಡ್ ಮಾಡಿದವರು ನೀವೇ ಆದ್ದರಿಂದ. ಬರೆದವರು ಕನ್ನಡಿಗರು. ಓದಿದವರಲ್ಲಿ ದೆಹಲಿಯ ಟಿವಿ ವರದಿಗಾರರಿದ್ದರು, ಜತೆಗೂಡಿದ ಚೆನ್ನೈಯವರಿದ್ದರು, ಜಗಳಕ್ಕೆ ನಿಂತ ಹಿಂದಿಯವರಿದ್ದರು, ಬೆಂಗಳೂರಿನಲ್ಲೇ ಇದ್ದೂ ಕನ್ನಡ ಓದಲು ಬಾರದ ಸಾವಿರಾರು ಜನರಿದ್ದರು. ಸುದ್ದಿ ಹಬ್ಬಿದ್ದು ಹಾಗೆ. ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು, ನಿಲ್ದಾಣಗಳ ಫಲಕದಿಂದ ಹಿಂದಿ ಇಳಿಯಿತು. ಇದೇ ಕೂಗನ್ನು ಬರೀ ಕನ್ನಡಿಗರೇ ಇರುವ ಕಡೆ ಹಾಕಿದ್ದರೆ ಎಲ್ಲರೂ ಹೌದಪ್ಪ ಎನ್ನುತ್ತಿದ್ದರು, ಫಲಕ ಮಾತ್ರ ಹಾಗೇ ಇರುತ್ತಿತ್ತು.

ಕನ್ನಡಿಗರಿಗೆ ಟ್ವಿಟರ್ ಬೇಕಾಗಿದ್ದುದು ಕನ್ನಡಿಗರ ಜತೆ ಮಾತಾಡಲಷ್ಟೇ ಅಲ್ಲ. ಅದಕ್ಕೆ ವಾಟ್ಸ್‌ಆ್ಯಪ್ ಗ್ರೂಪುಗಳಿವೆ, ಫೇಸ್‌ಬುಕ್ ಇದೆ. ಟ್ವಿಟರ್ ಬೇಕಾಗಿದ್ದುದು ಕನ್ನಡದ ಮಾತು ಕನ್ನಡ ಬಾರದವರ ಕಿವಿಗೂ ಬೀಳಲಿ ಎಂದು. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇಲ್ಲ ಎಂಬ ದೂರು ಮುಂಬೈಯ ಪ್ರಧಾನ ಕಚೇರಿಗೆ ತಲುಪಬೇಕು, ವಿಮಾನದಲ್ಲಿ ಕನ್ನಡದ ಘೋಷಣೆ ಇಲ್ಲ ಎಂಬ ದೂರು ಗುರುಗ್ರಾಮಕ್ಕೆ ತಲುಪಬೇಕು. ಕೂ ಕನ್ನಡಿಗರಿಗೆ ಚೆಂದದ ಕನ್ನಡದ ಕೋಣೆ ಕೊಟ್ಟಿತು. ಕೋಣೆಯ ಆಚೆ ಕೇಳುವವರು ಇರಲಿಲ್ಲ. ತರ್ಜುಮೆ ಮಾಡಿಕೊಡುವ ಯಂತ್ರ ಇತ್ತು ನಿಜ. ಓದಿ ಮುಜುಗರ ಪಡಬೇಕಾದ ಅಧಿಕಾರಿ ಅಲ್ಲಿರಬೇಕಿತ್ತಲ್ಲ!

ಇನ್ನೂ ಸಣ್ಣ ಮಟ್ಟದಲ್ಲಿ ನೋಡಿ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಮಳೆ ಬಿದ್ದ ಸಂಜೆ ಕರೆಂಟ್ ಹೋಗಿದೆ. ಸಹಾಯವಾಣಿಯ ಲೈನ್ ಸಿಗುತ್ತಿಲ್ಲ. ಮೂರನೆಯ ಮಹಡಿಯ ಹುಡುಗಿ ಫೋನಿನ ಉಳಿದ ಚಾರ್ಜ್ ನೋಡಿಕೊಂಡು ವಿದ್ಯುತ್ ಕಂಪನಿಯ ಖಾತೆಗೆ ಟ್ಯಾಗ್ ಮಾಡುತ್ತಾಳೆ: ಬಡಾವಣೆಯ ಹೆಸರು, ಅಡ್ಡರಸ್ತೆ, ಬಿಲ್ ಮೇಲಿನ ಅಕೌಂಟ್ ಐಡಿ. ಪಕ್ಕದ ಬೀದಿಯವನೊಬ್ಬ 'ನಮ್ಮಲ್ಲೂ ಇಲ್ಲ' ಎಂದು ಕೆಳಗೆ ಸೇರಿಸುತ್ತಾನೆ. ಸ್ವಲ್ಪ ಹೊತ್ತಿಗೆ 'ಸಂಬಂಧಪಟ್ಟವರಿಗೆ ತಿಳಿಸಲಾಗಿದೆ' ಎಂಬ ಸಿದ್ಧ ಉತ್ತರ ಬರುತ್ತದೆ. ಆ ಸಿದ್ಧ ಉತ್ತರಕ್ಕೂ ಒಂದು ಬೆಲೆಯಿದೆ, ಏಕೆಂದರೆ ನಾಳೆ ಕೇಳಲು ದಾಖಲೆಯಾಯಿತು. ಸಿಲ್ಕ್ ಬೋರ್ಡ್‌ನಲ್ಲಿ ಬಸ್ ಕೆಟ್ಟು ನಿಂತಿದೆಯೇ, ಯಾವ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದೆ ಎಂದು ಸಂಚಾರ ಪೊಲೀಸರು ಹಾಕುವುದೂ ಅಲ್ಲೇ. ಈ ಹುಡುಗಿಗೆ ಮಸ್ಕ್ ಮೇಲೆ ಎಷ್ಟೇ ಸಿಟ್ಟಿರಲಿ, ಇಲಾಖೆಗಳು ಕದಲದೆ ಅವಳು ಕದಲುವುದಿಲ್ಲ. ಇಲಾಖೆಗಳೋ, ಜನ ಅಲ್ಲಿದ್ದಾರೆ ಎಂದೇ ಅಲ್ಲಿವೆ.

ಸಂತೆಯೂ ಹೀಗೆಯೇ. ಮಾರುವವರು ಬರುವುದು ಕೊಳ್ಳುವವರಿದ್ದಾರೆಂದು, ಕೊಳ್ಳುವವರು ಬರುವುದು ಮಾರುವವರಿದ್ದಾರೆಂದು. ಮೈದಾನದಲ್ಲಿ ಕೆಸರು, ಕಂದಾಯದವನ ಕಾಟ, ನೆರಳಿಲ್ಲ. ಆದರೂ ತರಕಾರಿ ಚೀಲ ಹೊತ್ತವನು ಒಬ್ಬನೇ ಹೋಗಿ ಇನ್ನೊಂದು ಮೈದಾನದಲ್ಲಿ ಕೂರಲಾರ.

ಹಾಗಾದರೆ ಇಂಥ ಜಾಗಗಳು ಖಾಲಿಯಾಗುವುದೇ ಇಲ್ಲವೇ? ಆಗುತ್ತವೆ. ನಿಮ್ಮಲ್ಲಿ ನಲವತ್ತು ದಾಟಿದವರು ಅದನ್ನು ಕಣ್ಣಾರೆ ಕಂಡಿದ್ದೀರಿ. 2004ರ ಜನವರಿಯಲ್ಲಿ ಗೂಗಲ್ ತೆರೆದ ಆರ್ಕುಟ್‌ಗೆ ಅತಿ ಹೆಚ್ಚು ಜನ ಸೇರಿದ್ದು ಎರಡೇ ದೇಶಗಳಲ್ಲಿ, ಬ್ರೆಜಿಲ್ ಮತ್ತು ಭಾರತ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತು, ಗೆಳೆಯರ ಗೋಡೆಗೆ ಸ್ಕ್ರ್ಯಾಪ್ ಬರೆದು, ಬೇಕಾದವರಿಂದ ಟೆಸ್ಟಿಮೋನಿಯಲ್ ಬರೆಸಿಕೊಂಡ ಕಾಲ ಅದು. ರಾಜ್‌ಕುಮಾರ್ ಹೆಸರಿನ, ಊರಿನ ಹೆಸರಿನ, ಕಾಲೇಜಿನ ಹೆಸರಿನ ಕಮ್ಯುನಿಟಿಗಳು. ಅದನ್ನು ಬಿಡುತ್ತೇವೆಂದು ಆಗ ಯಾರೂ ಘೋಷಿಸಲಿಲ್ಲ. ಅಮೆರಿಕಕ್ಕೆ ಹೋದ ಕ್ಲಾಸ್‌ಮೇಟ್ ಫೇಸ್‌ಬುಕ್‌ಗೆ ಕರೆದ, ಆಫೀಸಿನವರು ಅಲ್ಲಿದ್ದರು, ಮೊಬೈಲ್‌ನಲ್ಲೂ ಅದು ಚೆನ್ನಾಗಿ ತೆರೆಯುತ್ತಿತ್ತು. 2010ರ ಜುಲೈನಲ್ಲಿ ಭಾರತದಲ್ಲಿ ಫೇಸ್‌ಬುಕ್‌ಗೆ ಸುಮಾರು 2.09 ಕೋಟಿ ಜನ, ಆರ್ಕುಟ್‌ಗೆ 1.99 ಕೋಟಿ ಜನ ಭೇಟಿ ಕೊಟ್ಟರೆಂದು ಕಾಮ್‌ಸ್ಕೋರ್ ಲೆಕ್ಕ ಹಾಕಿತ್ತು. ತಕ್ಕಡಿ ವಾಲಿದ್ದು ಆಗ. ಆಮೇಲೂ ನಾಲ್ಕು ವರ್ಷ ಆರ್ಕುಟ್ ಉಸಿರಾಡುತ್ತಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದನ್ನು ಮುಚ್ಚಿತು.

ಸಿಟ್ಟಿನಿಂದಲೇ ಖಾಲಿಯಾದ ಒಂದು ಉದಾಹರಣೆಯೂ ಇದೆ, ಅಮೆರಿಕದ ಡಿಗ್. ಲಿಂಕುಗಳನ್ನು ಹಂಚಿಕೊಂಡು ಮತ ಹಾಕುವ ಆ ತಾಣ 2010ರ ಆಗಸ್ಟ್‌ನಲ್ಲಿ ಹೊಸ ವಿನ್ಯಾಸ ತಂದು ಹಳೆಯ ಬಳಕೆದಾರರನ್ನು ಮೂಲೆಗೆ ತಳ್ಳಿತು. ಆಗಸ್ಟ್ 30ನ್ನು 'ಡಿಗ್ ಬಿಡುವ ದಿನ' ಎಂದು ಬಳಕೆದಾರರೇ ಗೊತ್ತುಮಾಡಿದರು. ಪ್ರತಿಸ್ಪರ್ಧಿಯಾದ ರೆಡಿಟ್‌ನ ಲಿಂಕುಗಳನ್ನೇ ಡಿಗ್‌ನ ಮುಖಪುಟಕ್ಕೆ ಮತ ಹಾಕಿ ಏರಿಸಿದರು. ಎರಡು ವರ್ಷದೊಳಗೆ ಡಿಗ್ ಹೆಸರು ಮತ್ತು ತಾಣ ಮಾರಾಟವಾದದ್ದು ಸುಮಾರು 5 ಲಕ್ಷ ಡಾಲರಿಗೆ. ಇಲ್ಲಿ ಸಿಟ್ಟು ಕೆಲಸ ಮಾಡಿತು, ಏಕೆಂದರೆ ಹೋಗಬೇಕಾದ ಜಾಗ ಒಂದೇ ಇತ್ತು, ಅದು ಮಾಡುತ್ತಿದ್ದುದೂ ಇದೇ ಕೆಲಸ, ಹೊರಡುವ ದಿನವೂ ಎಲ್ಲರಿಗೂ ಒಂದೇ. ಮೇಲಾಗಿ ಅಲ್ಲಿ ಗುರುತಿನವರ ನಂಟು ಕಡಿಮೆ. ಲಿಂಕು ಯಾರು ಹಾಕಿದರೇನು. ಅದೇ ರೆಡಿಟ್ 2023ರ ಜೂನ್‌ನಲ್ಲಿ ಹೊರಗಿನ ಆ್ಯಪ್‌ಗಳಿಗೆ ಶುಲ್ಕ ಹಾಕಿದಾಗ 8,000ಕ್ಕೂ ಹೆಚ್ಚು ಗುಂಪುಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದವು. ಯಾವ ಕಡೆ ಹೋಗಬೇಕೆಂದು ಯಾರಿಗೂ ಒಮ್ಮತವಿರಲಿಲ್ಲ. ಕೆಲವೇ ದಿನಕ್ಕೆ ಬಹುಪಾಲು ಗುಂಪುಗಳು ತೆರೆದವು. ಮರುವರ್ಷ ಮಾರ್ಚ್‌ನಲ್ಲಿ ಕಂಪನಿ ಷೇರುಪೇಟೆಗೂ ಬಂತು.

ಟ್ವಿಟರ್ ಬಿಟ್ಟವರ ಎದುರಿಗೆ ಇದ್ದದ್ದು ನಾಲ್ಕು ದಾರಿ, ಐದು ದಾರಿ. ಮಸ್ಟೊಡಾನ್ 2022ರ ಅಕ್ಟೋಬರ್ ಮತ್ತು ನವೆಂಬರ್ ನಡುವೆ 3 ಲಕ್ಷದಿಂದ 25 ಲಕ್ಷ ಸಕ್ರಿಯ ಬಳಕೆದಾರರಿಗೆ ನೆಗೆಯಿತು. ಒಳಗೆ ಹೋಗುತ್ತಿದ್ದಂತೆ 'ಯಾವ ಸರ್ವರ್?' ಎಂಬ ಪ್ರಶ್ನೆ ಎದುರಾಗುತ್ತಿತ್ತು. ಬಹಳ ಜನ ಅಲ್ಲೇ ತಲೆ ಕೆರೆದುಕೊಂಡು ಹಿಂತಿರುಗಿದರು. ಮರುವರ್ಷ ಸಂಖ್ಯೆ ಇಳಿಯಿತು. ಪೆಬಲ್ ಎಂಬುದೊಂದು ಬಂತು, 2023ರ ನವೆಂಬರ್‌ನಲ್ಲಿ ಮುಚ್ಚಿತು. ಪೋಸ್ಟ್ ಎಂಬುದು 2024ರಲ್ಲಿ ಮುಚ್ಚಿತು. ಥ್ರೆಡ್ಸ್ ಐದೇ ದಿನದಲ್ಲಿ 10 ಕೋಟಿ ಖಾತೆ ಕಂಡಿತು, ಆಮೇಲೆ ಜನ ತೆರೆದು ನೋಡುವುದು ಒಮ್ಮೆಲೇ ಇಳಿಯಿತು, ಮತ್ತೆ ನಿಧಾನಕ್ಕೆ ಏರಿ 2025ರಲ್ಲಿ ತಿಂಗಳಿಗೆ 40 ಕೋಟಿ ದಾಟಿದ್ದಾಗಿ ಕಂಪನಿ ಹೇಳಿತು. ಅದರ ಗುಟ್ಟು ಸರಳ: ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಸಾಕು, ಅಲ್ಲಿ ಹಿಂಬಾಲಿಸುವವರನ್ನೆಲ್ಲ ಒಂದೇ ಒತ್ತಿನಲ್ಲಿ ಇಲ್ಲಿಗೂ ಎಳೆದುಕೊಳ್ಳಬಹುದು. ಮೆಟಾ ಗುಂಪನ್ನು ಗುಂಪಾಗಿಯೇ ಸಾಗಿಸಿತು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ಯಜಮಾನ ಅವನೇ.

ಬ್ಲೂಸ್ಕೈನದು ಇನ್ನೂ ಕುತೂಹಲದ ಕಥೆ. 2024ರ ಆಗಸ್ಟ್ ಕೊನೆಗೆ ಬ್ರೆಜಿಲ್‌ನ ನ್ಯಾಯಮೂರ್ತಿ ಅಲೆಶಾಂಡ್ರೆ ಡಿ ಮೊರಾಯಿಸ್ ಇಡೀ ದೇಶದಲ್ಲಿ ಎಕ್ಸ್ ಅನ್ನು ನಿಲ್ಲಿಸಿದಾಗ ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಬಂದರು. ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆ ಮುಗಿದ ಮೇಲೆ ಇನ್ನೊಂದು ಅಲೆ; ಬಳಕೆದಾರರ ಸಂಖ್ಯೆ 2 ಕೋಟಿ ಮುಟ್ಟಿತು, ಮರುವರ್ಷ ಜನವರಿ ಕೊನೆಗೆ 3 ಕೋಟಿ. ಆ ಅಲೆಯಲ್ಲಿ ಬಂದ ವಿಜ್ಞಾನಿಗಳು, ಪತ್ರಕರ್ತರು, ಮೇಷ್ಟ್ರುಗಳು 'ಸ್ಟಾರ್ಟರ್ ಪ್ಯಾಕ್' ಎಂಬ ಪಟ್ಟಿಗಳನ್ನು ಕಟ್ಟಿಕೊಂಡು ಬಂದರು. ಹಕ್ಕಿ ನೋಡುವವರದು ಒಂದು ಪಟ್ಟಿ, ಕಾನೂನು ಓದಿದವರದು ಒಂದು ಪಟ್ಟಿ. ಹೊಸಬ ಒಂದು ಗುಂಡಿ ಒತ್ತಿದರೆ ಆ ಪಟ್ಟಿಯ ಎಲ್ಲರೂ ಅವನ ಫೀಡಿಗೆ. ಅಲೆ ಇಳಿದ ಮೇಲೆ ಅಲ್ಲೂ ಬರೆಯುವವರ ಸಂಖ್ಯೆ ತಗ್ಗಿತು. ಆದರೂ ನಿಂತಷ್ಟು ಜನ ನಿಂತದ್ದು ಹೀಗೆ ಪಟ್ಟಿ ಕಟ್ಟಿಕೊಂಡು ಬಂದ ಗುಂಪುಗಳಲ್ಲಿಯೇ ಎಂದು ಈ ಪತ್ರ ಬರೆಯುವವನ ಅಂದಾಜು.

ಕಳೆದುಕೊಳ್ಳುವ ಭಯದ ಬಗ್ಗೆಯೂ ಒಂದು ಮಾತು. ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್‌ಗೆ ಟ್ವಿಟರ್ 2023ರಲ್ಲಿ 'ಸರ್ಕಾರಿ ನಂಟಿನ ಮಾಧ್ಯಮ' ಎಂಬ ಹಣೆಪಟ್ಟಿ ಅಂಟಿಸಿತು. ಏಪ್ರಿಲ್‌ನಲ್ಲಿ ಅದು ಲಕ್ಷಗಟ್ಟಲೆ ಹಿಂಬಾಲಕರನ್ನು ಬಿಟ್ಟು ಎದ್ದುಹೋಯಿತು. ಆರು ತಿಂಗಳ ಮೇಲೆ ಲೆಕ್ಕ ತೆಗೆದರೆ ಅದರ ತಾಣಕ್ಕೆ ಬರುವ ಓದುಗರಲ್ಲಿ ಕಡಿಮೆಯಾದದ್ದು ಶೇ 1ರಷ್ಟು ಮಾತ್ರ. ಮರುವರ್ಷ ನವೆಂಬರ್‌ನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯೂ ಎಕ್ಸ್‌ನಲ್ಲಿ ಬರೆಯುವುದನ್ನು ನಿಲ್ಲಿಸಿತು. ಸ್ವಂತ ತಾಣ, ಸ್ವಂತ ಓದುಗರು ಇರುವ ಸಂಸ್ಥೆಗೆ ಅದು ಸಾಧ್ಯ. ಕನ್ನಡದಲ್ಲಿ ಒಬ್ಬರೇ ಕೂತು ಇತಿಹಾಸದ್ದೋ ಹಳೆಯ ಸಿನಿಮಾದ್ದೋ ಸರಣಿ ಬರೆಯುವವರಿಗೆ ಆ ಖಾತೆಯೇ ಪತ್ರಿಕೆ, ಆ ಹಿಂಬಾಲಕರೇ ಚಂದಾದಾರರು. ಇವರಿಗೆ 'ಧೈರ್ಯ ಮಾಡಿ ಬಿಟ್ಟುಬಿಡಿ' ಎಂದು ಉಪದೇಶ ಮಾಡುವುದು ಸುಲಭ.

ಇನ್ನು ಕೆಲವರು ಎಕ್ಸ್ ಬಿಡುವುದಕ್ಕೆ ಕೊಡುವ ಕಾರಣ ಸರ್ಕಾರದ ಕತ್ತರಿ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ 2022ರ ಜುಲೈನಲ್ಲಿ ಹೋದದ್ದು ನಮ್ಮ ಹೈಕೋರ್ಟಿಗೇ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ತಡೆ ಆದೇಶ ಕಳಿಸಲು ಸರ್ಕಾರ ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಹಾಕಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು. ಈ ದೇಶದಲ್ಲಿ ವ್ಯವಹಾರ ನಡೆಸುವ ಬೇರೆ ಯಾವ ಕಂಪನಿಗೂ ಕಾನೂನು ಇದೇ. ಬ್ಲೂ ಟಿಕ್ ಮಾರಿದ್ದು, ದ್ವೇಷ ಕಾರುವವರಿಗೆ ಮಣೆ ಹಾಕಿದ್ದು, ಹೆಣ್ಣುಮಕ್ಕಳ ಫೋಟೊ ಕೆಡಿಸಲು ಎಕ್ಸ್‌ನ ಎಐ ಗ್ರೋಕ್ ನೆರವಾದದ್ದು ಇವೆಲ್ಲ ಮಾಲೀಕನ ದೋಷ, ಜಾಗ ಬದಲಿಸಿದರೆ ತಪ್ಪುವಂಥವು. ಕತ್ತರಿ ನಿಮ್ಮ ಜತೆಗೇ ಬರುತ್ತದೆ.

ಸರ್ಕಾರವೇ ಊರು ಬಿಡಿಸಿದರೂ ಜನ ಸ್ವದೇಶಿ ಮನೆಗೇ ಹೋಗುತ್ತಾರೆಂಬ ಭರವಸೆ ಇಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಭಾರತದಲ್ಲಿ ಟಿಕ್‌ಟಾಕ್‌ಗೆ ಸುಮಾರು 20 ಕೋಟಿ ಬಳಕೆದಾರರಿದ್ದರು. ಬೆಂಗಳೂರಿನ ಶೇರ್‌ಚಾಟ್ ದಿನಗಳಲ್ಲೇ ಮೋಜ್ ತಂದಿತು, ಬೆಂಗಳೂರಿನದೇ ಡೈಲಿಹಂಟ್ ಕಂಪನಿ ಜೋಶ್ ತಂದಿತು. ಹಳ್ಳಿಯ ಹೊಲದ ಬದುವಿನಲ್ಲಿ ಕುಣಿದು ಹೆಸರಾದವರು ಹೊಸ ಆ್ಯಪ್‌ನಲ್ಲಿ ಸೊನ್ನೆಯಿಂದ ಶುರು ಮಾಡಿದರು. ಆದರೆ ಜುಲೈ 8ಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ಗೆ ಯೂಟ್ಯೂಬ್ ಶಾರ್ಟ್ಸ್. ನೋಡುವವರು ಮೊದಲೇ ಇದ್ದ ಜಾಗಕ್ಕೆ ಕುಣಿಯುವವರೂ ಬಂದು ಸೇರಿದರು.

ಈಗ ಒಂದು ಕೆಲಸ ಮಾಡಿ ನೋಡಿ. ಎಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಖಾತೆಯ ದತ್ತಾಂಶದ ಪ್ರತಿ ಬೇಕೆಂದು ಕೇಳಿ. ಪಾಸ್‌ವರ್ಡ್ ಮತ್ತೊಮ್ಮೆ ಹಾಕಿಸಿಕೊಂಡು ಕಾಯಲು ಹೇಳುತ್ತದೆ. ಒಂದು ದಿನವೋ ಇನ್ನೂ ಹೆಚ್ಚೋ ಆದಮೇಲೆ ಜಿಪ್ ಕಡತ ಬರುತ್ತದೆ. ಬಿಚ್ಚಿದರೆ ನೀವು ಬರೆದದ್ದೆಲ್ಲ ಇರುತ್ತದೆ: ಹಬ್ಬದ ಶುಭಾಶಯ, ಕ್ರಿಕೆಟ್ ಸೋತ ರಾತ್ರಿಯ ಬೈಗುಳ, ಯಾರದೋ ಜತೆ ಮಧ್ಯರಾತ್ರಿಯ ವಾದ, ಹಾಕಿದ ಫೋಟೊಗಳು. ಅದರೊಳಗೆ ಹಿಂಬಾಲಕರ ಕಡತವನ್ನು ಹುಡುಕಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಹೆಸರುಗಳಿಲ್ಲ. ಸಾಲುಸಾಲಾಗಿ ಅಂಕಿಗಳು, ಒಂದೊಂದು ಅಂಕಿಯ ಜತೆ ಟ್ವಿಟರ್‌ಗೇ ವಾಪಸು ಕರೆದೊಯ್ಯುವ ಒಂದು ಲಿಂಕು. ವರ್ಷಗಟ್ಟಲೆ ಕಷ್ಟಪಟ್ಟು ಕೂಡಿಸಿದ ಓದುಗರು ನಿಮ್ಮ ಕೈಗೆ ಬರುವುದು ಹೀಗೆ. ಬರೆದದ್ದನ್ನು ಕೊಂಡೊಯ್ಯಬಹುದು, ಓದಿದವರನ್ನು ಕೊಂಡೊಯ್ಯುವಂತಿಲ್ಲ. 2022ರ ಡಿಸೆಂಬರ್‌ನಲ್ಲಂತೂ ಮಸ್ಟೊಡಾನ್, ಇನ್‌ಸ್ಟಾಗ್ರಾಂ ಮೊದಲಾದ ಕಡೆಯ ವಿಳಾಸ ಹಾಕಿದರೆ ಖಾತೆಯನ್ನೇ ತೆಗೆಯುತ್ತೇವೆಂದು ಟ್ವಿಟರ್ ನಿಯಮ ಮಾಡಿ, ಛೀಮಾರಿ ಬಿದ್ದ ಮೇಲೆ ಒಂದೇ ದಿನಕ್ಕೆ ಹಿಂದೆಗೆದುಕೊಂಡಿತು.

ಮೊಬೈಲ್ ಕಂಪನಿಗಳೂ ಒಂದು ಕಾಲಕ್ಕೆ ಹೀಗೇ ಇದ್ದವು. ಸಿಗ್ನಲ್ ಬಾರದಿದ್ದರೂ, ಬಿಲ್ ಹೆಚ್ಚು ಬಂದರೂ, ನಂಬರ್ ಹೋಗುತ್ತದೆಂದು ಜನ ಸಹಿಸಿಕೊಂಡಿದ್ದರು. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ, 2011ರ ಜನವರಿ 20ರಿಂದ ಇಡೀ ದೇಶದಲ್ಲಿ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ವ್ಯವಸ್ಥೆ ಬಂತು. 1900ಕ್ಕೆ 'ಪೋರ್ಟ್' ಎಂದು, ಜತೆಗೆ ನಂಬರ್ ಬರೆದು ಎಸ್ಸೆಮ್ಮೆಸ್ ಕಳಿಸಿ, ಬರುವ ಕೋಡನ್ನು ಹೊಸ ಕಂಪನಿಗೆ ಕೊಟ್ಟರೆ ಆಯಿತು. ಆಮೇಲೆ ಗ್ರಾಹಕ 'ಪೋರ್ಟ್ ಆಗ್ತೀನಿ' ಎಂದರೆ ಕಾಲ್ ಸೆಂಟರಿನ ದನಿ ಮೆತ್ತಗಾಗುವುದನ್ನು ಎಲ್ಲರೂ ಕೇಳಿದ್ದೇವೆ. ಸೋಷಿಯಲ್ ಮೀಡಿಯಾಕ್ಕೆ ಅಂಥ ಕಾನೂನು ನಮ್ಮಲ್ಲಿಲ್ಲ. 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ದತ್ತಾಂಶವನ್ನು ಬೇರೆ ಕಂಪನಿಗೆ ಒಯ್ಯುವ ಹಕ್ಕು ಇತ್ತು; 2023ರಲ್ಲಿ ಕಾಯ್ದೆಯಾಗಿ ಬಂದದ್ದರಲ್ಲಿ ಅದು ಇಲ್ಲ. ಯಾವ ಪಕ್ಷವೂ ಅದಕ್ಕಾಗಿ ಗಂಟಲು ಹರಿದುಕೊಳ್ಳಲಿಲ್ಲ, ನಾವೂ ಹರಿದುಕೊಳ್ಳಲಿಲ್ಲ. ಮಸ್ಟೊಡಾನ್‌ನಲ್ಲಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹಿಂಬಾಲಕರ ಸಮೇತ ಹೋಗಬಹುದು. ಬ್ಲೂಸ್ಕೈನ ತಂತ್ರಜ್ಞಾನವೂ ಖಾತೆಯನ್ನು ಬೇರೆಡೆಗೆ ಸಾಗಿಸಬಹುದಾದಂತೆ ಕಟ್ಟಿದ್ದು. ಅಂದರೆ ಇದು ಆಗದ ಕೆಲಸವೇನಲ್ಲ.

ಹಾಗಾದರೆ ಎಕ್ಸ್‌ನಿಂದ ಕನ್ನಡಿಗರು ಹೋಗುತ್ತಾರೆಯೇ? ಒಂದು ದಿನ ಬೆಳಗಾಗುವಷ್ಟರಲ್ಲಿ ಹೋಗುವುದಿಲ್ಲ. ಕೆಲಸಗಾರರಲ್ಲಿ ಅರ್ಧದಷ್ಟು ಜನರನ್ನು ಮಸ್ಕ್ ಬಂದ ಒಂದು ವಾರಕ್ಕೇ ಮನೆಗೆ ಕಳಿಸಿದರು, 2023ರ ಫೆಬ್ರುವರಿಯಲ್ಲಿ ದೆಹಲಿ, ಮುಂಬೈ ಕಚೇರಿ ಮುಚ್ಚಿ ಬೆಂಗಳೂರಿನದೊಂದನ್ನೇ ಉಳಿಸಿದರು, ಫಿಡೆಲಿಟಿ ಸಂಸ್ಥೆ ತನ್ನ ಪಾಲಿನ ಬೆಲೆಯನ್ನು 2024ರ ಹೊತ್ತಿಗೆ ಮುಕ್ಕಾಲಿನಷ್ಟು ತಗ್ಗಿಸಿ ತೋರಿಸಿತು. ಇಷ್ಟಾದರೂ ಜಾಗ ನಿಂತಿದೆ. ಆದರೆ ಮೊದಲು ಸುಮ್ಮನಾಗುವವರು ಚೆನ್ನಾಗಿ ಬರೆಯುವವರು. ಶಾಸನಗಳ ಬಗ್ಗೆ, ಕೆರೆಗಳ ಬಗ್ಗೆ, ಯಕ್ಷಗಾನದ ಬಗ್ಗೆ ಬರೆಯುತ್ತಿದ್ದ ಖಾತೆಗಳು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಎದ್ದು ಮಲಗುತ್ತವೆ. ಉಳಿಯುವುದು ಅಭಿಮಾನಿಗಳ ಜಗಳ, ಪಕ್ಷಗಳ ಐಟಿ ಸೆಲ್, ಇಲಾಖೆಗಳ ಸಿದ್ಧ ಉತ್ತರ. ಆರ್ಕುಟ್‌ನಲ್ಲೂ ಆದದ್ದು ಇದೇ. ಹೀಗಾಗಿ ಯಾವ ಆ್ಯಪ್ ಗೆಲ್ಲುತ್ತದೆ ಎಂದು ಪಂಥ ಕಟ್ಟುವುದಕ್ಕಿಂತ ಆ ಬರೆಯುವವರು ಎಲ್ಲಿ ಹೋದರೆಂದು ಹುಡುಕುವುದು ಲಾಭದ ಕೆಲಸ.

ಬಿಡಲೇಬೇಕೆಂದಿದ್ದರೆ ಒಬ್ಬೊಬ್ಬರೇ ವಿದಾಯ ಬರೆಯಬೇಡಿ. ಚಾರಣದವರು, ಹಕ್ಕಿಯವರು, ಶಾಸನದವರು, ಕನ್ನಡ ತಂತ್ರಾಂಶದವರು ತಮ್ಮ ತಮ್ಮ ಗುಂಪಿನಲ್ಲಿ ಮಾತಾಡಿ ಒಂದೇ ಜಾಗ, ಒಂದೇ ದಿನ ಗೊತ್ತುಮಾಡಿಕೊಳ್ಳಿ. ಆರು ತಿಂಗಳು ಎರಡೂ ಕಡೆ ಇರಿ, ಆದರೆ ಹೊಸದನ್ನು ಮೊದಲು ಅಲ್ಲಿ ಹಾಕಿ, ಇಲ್ಲಿ ಮರುದಿನ. ವಿದ್ಯುತ್ ಕಂಪನಿಗೆ, ಪಾಲಿಕೆಗೆ, ಸಂಚಾರ ಪೊಲೀಸರಿಗೆ ನಾಗರಿಕ ಸಂಘಗಳ ಹೆಸರಿನಲ್ಲಿ ಅರ್ಜಿ ಕೊಡಿ: ದೂರು ಹೇಳಿಕೊಳ್ಳಲು ಒಂದು ಖಾಸಗಿ ಕಂಪನಿಯ ಖಾತೆ ತೆರೆಯಲೇಬೇಕೆಂಬ ಸ್ಥಿತಿ ತಪ್ಪಬೇಕು, ಪ್ರಕಟಣೆಗಳು ಎಲ್ಲರೂ ನೋಡಬಹುದಾದ ಕಡೆಯೂ ಬರಬೇಕು ಎಂದು. ನಿಮ್ಮ ಸಂಸದರು ಎಕ್ಸ್‌ನಲ್ಲಿದ್ದಾರಲ್ಲ, 2023ರ ಕಾಯ್ದೆಯಲ್ಲಿ ಬಿಟ್ಟುಹೋದ ಆ ಹಕ್ಕಿನ ಬಗ್ಗೆ ಅಲ್ಲೇ ಟ್ಯಾಗ್ ಮಾಡಿ ಕೇಳಿ.

ಖಾತೆ ಮಾತ್ರ ಸಿಟ್ಟಿನಲ್ಲಿ ಅಳಿಸಬೇಡಿ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗಿನ ಗಾದೆ ಗೊತ್ತೇ ಇದೆ. ಇಲ್ಲಿ ಖಾತೆ ಮರಳಿ ಪಡೆಯಲು 30 ದಿನದ ಗಡುವು, ಆಮೇಲೆ ಬರೆದದ್ದೂ ಸಿಗುವುದಿಲ್ಲ. ಮೊದಲು ಜಿಪ್ ಕಡತ ಇಳಿಸಿಕೊಳ್ಳಿ. ಆಮೇಲೆ ಆ ಅಂಕಿಗಳ ಪಟ್ಟಿಯಿಂದ ನಿಮಗೆ ನಿಜಕ್ಕೂ ಬೇಕಾದ ಐವತ್ತು ಜನರನ್ನು ಒಬ್ಬೊಬ್ಬರಾಗಿ ತೆರೆದು ನೋಡಿ, 'ಬೇರೆ ಎಲ್ಲಿ ಬರೀತೀರಿ?' ಎಂದು ಒಂದು ಸಾಲಿನ ಮೆಸೇಜ್ ಹಾಕಿ. ಉತ್ತರಗಳಲ್ಲಿ ಯಾವ ಹೆಸರು ಹೆಚ್ಚು ಸಲ ಬರುತ್ತದೋ ಮೊದಲು ಅಲ್ಲಿ ಖಾತೆ ತೆರೆಯಿರಿ.

ಇಂತಿ,
ಖಾತೆ ಇನ್ನೂ ಮುಚ್ಚದ ಒಬ್ಬ ಓದುಗ